ಊರಿನ ಹೆಸರಿಲ್ಲದ ಮೊಹರು: ಅಜ್ಜನ ಹದಿನಾಲ್ಕು ಲಕೋಟೆಗಳ ರಿಪೇರಿ

ಜೂನ್, ಮೊದಲ ಶನಿವಾರ

ಅಟ್ಟದ ಟ್ರಂಕಿನಿಂದ ಬಂದದ್ದು ಎರಡು ವಸ್ತು. ಒಂದು, ಗೋಣಿದಾರದಲ್ಲಿ ಕಟ್ಟಿದ ಹದಿನಾಲ್ಕು ಲಕೋಟೆ. ಇನ್ನೊಂದು, ಗೆರೆ ಹಾಕಿದ ಶಾಲೆಯ ನೋಟ್‌ಬುಕ್ಕು, ಅದರ ತುಂಬ ಅಂಟಿಸಿದ ಸ್ಟಾಂಪುಗಳು. ಲಕೋಟೆಗಳು ನಮ್ಮ ಅಜ್ಜ ಯುದ್ಧದಿಂದ ತಮ್ಮ ತಂದೆಗೆ ಬರೆದವು, 1941ರಿಂದ 1945ರವರೆಗೆ. ನೋಟ್‌ಬುಕ್ಕು ದೊಡ್ಡಪ್ಪನದು. ಅವರು ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಮಾಡಿದ ಸಂಗ್ರಹ.

ಹದಿನಾಲ್ಕರಲ್ಲಿ ಹನ್ನೊಂದು ಲಕೋಟೆಯ ಬಲಮೂಲೆ ಖಾಲಿ. ಆರಕ್ಕೆ ಆವಿ ಹಿಡಿದು ಸ್ಟಾಂಪು ಬಿಡಿಸಿದ್ದಾರೆ. ಐದಕ್ಕೆ ಮೂಲೆಯನ್ನೇ ಹರಿದು ತೆಗೆದಿದ್ದಾರೆ. ಉಳಿದ ಮೂರಕ್ಕೆ ಮೊದಲಿಂದಲೂ ಸ್ಟಾಂಪು ಇರಲಿಲ್ಲ. ಅವುಗಳ ನೆತ್ತಿಯ ಮೇಲೆ ‘ಆನ್ ಆಕ್ಟಿವ್ ಸರ್ವಿಸ್’, ಅಂದರೆ ಯುದ್ಧಸೇವೆಯಲ್ಲಿ, ಎಂದು ಕೈಯಲ್ಲಿ ಬರೆದಿದೆ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. ಯಾವ ಸ್ಟಾಂಪು ಯಾವ ಲಕೋಟೆಯದು ಅಂತ ನೆನಪಿದೆಯಾ ಅಂತ ಕೇಳಿದೆ.

“ಅಯ್ಯೋ ಮಗಾ, ಅದೆಲ್ಲಿ ನೆನಪಿರುತ್ತೆ. ಕಾಫಿಗೆ ನೀರಿಟ್ಟಾಗ ಅದರ ಮೇಲೆ ಹಿಡಿದು ಬಿಡಿಸ್ತಿದ್ದೆ. ಮೊಹರು ಕಮ್ಮಿ ಬಿದ್ದಿರೋ ಸ್ಟಾಂಪೇ ಒಳ್ಳೇದು ಅಂತ ನಮ್ಮ ಮೇಷ್ಟ್ರು ಹೇಳಿದ್ರು. ನಿಮ್ಮಜ್ಜ ನೋಡಿದ್ರೂ ಬೈಲಿಲ್ಲ.”

ದೊಡ್ಡಪ್ಪನದು ತಪ್ಪು ಅಂತ ನನಗೆ ಅನಿಸಲಿಲ್ಲ. ಆಗ ಸ್ಟಾಂಪು ಕೂಡಿಡುವುದು ಅಂದರೆ ಹಾಗೇ ಇತ್ತು. ಆದರೆ ಈ ಕೆಲಸ ನಾನು ಹಿಡಿದದ್ದು ಅದಕ್ಕಾಗಿಯೇ. ಮೊಹರಿನ ಅರ್ಧ ಲಕೋಟೆಯಲ್ಲಿ ಉಳಿದಿದೆ, ಇನ್ನರ್ಧ ನೋಟ್‌ಬುಕ್ಕಿನಲ್ಲಿದೆ. ಎರಡನ್ನೂ ಕೂಡಿಸಬೇಕು.

ಅಜ್ಜ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ದಳದಲ್ಲಿದ್ದವರು. ಬೆಂಗಳೂರಿನಲ್ಲಿ ತರಬೇತಿ, ಆಮೇಲೆ ಸಮುದ್ರ ದಾಟಿದ್ದು. ಡಿಸ್ಚಾರ್ಜ್ ಪುಸ್ತಕದಲ್ಲಿರುವುದು ಎರಡೇ ಮಾತು: ಪೈಫೋರ್ಸ್, ಅಂದರೆ ಪರ್ಷಿಯಾ-ಇರಾಕ್ ಪಡೆ, ಆಮೇಲೆ ಇಟಲಿ. ಯಾವ ತಿಂಗಳು ಎಲ್ಲಿದ್ದರು ಎಂಬುದು ಅದರಲ್ಲಿಲ್ಲ. ಲಕೋಟೆಯ ಮೊಹರು ನೋಡಿದರೆ ಆಯಿತಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಮೊಹರಿನಲ್ಲಿ ಊರಿನ ಹೆಸರೇ ಇಲ್ಲ.

ಅದು ಬೇಕೆಂದೇ ಮಾಡಿದ್ದು. ಮಾಮೂಲಿ ಅಂಚೆ ಮೊಹರು ಎರಡು ಸಂಗತಿ ಹೇಳುತ್ತದೆ: ಎಲ್ಲಿ, ಯಾವತ್ತು. ಲಕೋಟೆಯ ಮೇಲೆ ಸೈನಿಕನ ಹೆಸರು, ಅವನ ದಳ ಇರುತ್ತದೆ. ಅದಕ್ಕೆ ಊರು ಮತ್ತು ತಾರೀಖು ಸೇರಿದರೆ ಗುಟ್ಟು ಹೊರಬಿತ್ತು. ಇಂಥ ಹತ್ತಾರು ಲಕೋಟೆ ಶತ್ರುವಿನ ಕೈಗೆ ಸಿಕ್ಕರೆ ಯಾವ ದಳ ಯಾವಾಗ ಎಲ್ಲಿತ್ತು ಅಂತ ಅವರು ನಕ್ಷೆಯ ಮೇಲೆ ಗುರುತು ಹಾಕಬಹುದು. ಅದಕ್ಕೇ ಭಾರತೀಯ ಸೇನೆಯ ಫೀಲ್ಡ್ ಪೋಸ್ಟ್ ಆಫೀಸುಗಳ ಮೊಹರಿನಲ್ಲಿ ‘ಎಫ್‌ಪಿಓ ನಂಬರ್ ಇಷ್ಟು’ ಅಂತ ಮಾತ್ರ ಇರುತ್ತಿತ್ತು, ನಡುವೆ ತಾರೀಖು. ಆ ಆಫೀಸು ದಳದ ಜೊತೆಗೇ ನಡೆಯುತ್ತಿತ್ತು. ಈ ವರ್ಷ ಮರಳುಗಾಡು, ಮುಂದಿನ ವರ್ಷ ಬೆಟ್ಟ. ಮನೆಯವರು ಬರೆಯುವ ವಿಳಾಸದಲ್ಲೂ ಊರಿಲ್ಲ. ಸೈನಿಕನ ನಂಬರ್, ಹೆಸರು, ದಳ ಬರೆದು ‘ಕೇರಾಫ್ ಅಡ್ವಾನ್ಸ್ ಬೇಸ್ ಪೋಸ್ಟ್ ಆಫೀಸ್’ ಅಂದರೆ ಮುಗಿಯಿತು.

ಈ ಪದ್ಧತಿ ಇವತ್ತಿಗೂ ಇದೆ. ಕೊಡಗಿನಲ್ಲಾಗಲಿ, ನಮ್ಮ ಹಾಸನದ ಕಡೆಯಾಗಲಿ, ಮಗ ಸೇನೆಯಲ್ಲಿರುವ ಮನೆಯಲ್ಲಿ ‘ಕೇರಾಫ್ 56 ಎಪಿಓ’ ಅಥವಾ ‘ಕೇರಾಫ್ 99 ಎಪಿಓ’ ಅನ್ನುವುದು ಬಾಯಿಪಾಠ. ಎಪಿಓ ಅಂದರೆ ಆರ್ಮಿ ಪೋಸ್ಟ್ ಆಫೀಸ್.

ಇವತ್ತು ಮಾಡಿದ್ದು ಫೋಟೋ ಮಾತ್ರ. ಬೇರೆ ಏನೂ ಮುಟ್ಟುವ ಮೊದಲು ಎಲ್ಲದರ ಹಿಂದೆ ಮುಂದೆ ಫೋಟೋ ತೆಗೆಯಬೇಕು. ಉತ್ತರದ ಕಿಟಕಿಯ ಪಕ್ಕ ಮೇಜು ಹಾಕಿ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದೆ. ಲಕೋಟೆಗಳಿಗೆ ಒಂದರಿಂದ ಹದಿನಾಲ್ಕು ನಂಬರ್ ಕೊಟ್ಟೆ. ಆ ನಂಬರ್ ಲಕೋಟೆಯ ಮೇಲಲ್ಲ, ಪಕ್ಕದ ಚೀಟಿಯ ಮೇಲೆ. ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಸ್ಟಾಂಪು ಇವೆ. ಅದರಲ್ಲಿ ಹದಿಮೂರರ ಮೇಲೆ ಎಫ್‌ಪಿಓ ಮೊಹರಿನ ತುಣುಕು ಕಾಣುತ್ತದೆ. ಉಳಿದವು ಬೇರೆ ಕಡೆಯವು.

ಮರುದಿನ

ಒಂದು ಅನಾಹುತ ಆಯಿತು. ಇದನ್ನು ಮುಚ್ಚಿಡದೆ ಬರೆಯುತ್ತೇನೆ. ಬೇರೆಯವರಿಗೆ ಹೀಗಾಗಬಾರದು.

ಆವಿ ಹಿಡಿದ ಲಕೋಟೆಗಳು ಹಪ್ಪಳದ ಹಾಗೆ ಸೊಟ್ಟಗಾಗಿವೆ. ಅವನ್ನು ಚಪ್ಪಟೆ ಮಾಡಲು ತೇವದ ಡಬ್ಬಿ ಮಾಡಿದೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ತಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಲಕೋಟೆ. ನೀರು ಕಾಗದಕ್ಕೆ ತಾಗುವುದಿಲ್ಲ. ಒಂದೆರಡು ಗಂಟೆಯಲ್ಲಿ ಕಾಗದ ಮೆತ್ತಗಾಗುತ್ತದೆ. ಆಮೇಲೆ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಬೇಕು. ಮೊದಲು ಎರಡನೆಯ ಲಕೋಟೆ ಇಟ್ಟೆ. ಚೆನ್ನಾಗಿ ಬಂತು. ಧೈರ್ಯ ಬಂದು ಏಳನೆಯದನ್ನು ಇಟ್ಟೆ. ತೆಗೆದಾಗ ವಿಳಾಸದ ಕಪ್ಪು ಅಕ್ಷರಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಅಂಚು ಹರಡಿತ್ತು.

ಅದು ಶಾಯಿಯೂ ಅಲ್ಲ, ಮಾಮೂಲಿ ಪೆನ್ಸಿಲೂ ಅಲ್ಲ. ಕಾಪಿಯಿಂಗ್ ಪೆನ್ಸಿಲ್. ಅದರ ಸೀಸದಲ್ಲಿ ಅನಿಲಿನ್ ಬಣ್ಣ ಬೆರೆತಿರುತ್ತದೆ. ಒಣಗಿದ್ದಾಗ ಬೂದು, ತೇವ ತಾಗಿದರೆ ನೇರಳೆ. ಶಾಯಿಬುಡ್ಡಿ ಬೇಡ, ರಬ್ಬರಿಗೆ ಅಳಿಸುವುದಿಲ್ಲ. ಅದಕ್ಕೇ ಸೈನಿಕರ ಜೇಬಿನಲ್ಲಿ ಅದು ಇರುತ್ತಿತ್ತು. ಅಜ್ಜನ ಅರ್ಧದಷ್ಟು ಲಕೋಟೆಗಳು ಅದರಲ್ಲೇ ಬರೆದವು. ಭೂತಗನ್ನಡಿಯಲ್ಲಿ ನೋಡಿದ್ದರೆ ಅಲ್ಲಲ್ಲಿ ನೇರಳೆ ಚುಕ್ಕೆ ಕಾಣುತ್ತಿತ್ತು. ನಾನು ನೋಡಿರಲಿಲ್ಲ.

ಇನ್ನು ಮುಂದೆ ಯಾವ ಲಕೋಟೆಯನ್ನೂ ತೇವದ ಡಬ್ಬಿಯಲ್ಲಿ ಇಡುವುದಿಲ್ಲ. ಪತ್ರವನ್ನು ತಪಾಸಣೆ ಮಾಡಿ ಬಿಟ್ಟದ್ದಕ್ಕೆ ಒತ್ತಿದ ಸೆನ್ಸಾರ್ ಮುದ್ರೆಗಳಲ್ಲೂ ಹಲವು ನೇರಳೆ ಬಣ್ಣದ ರಬ್ಬರ್ ಸ್ಟಾಂಪಿನವು. ಅವೂ ನೀರಿಗೆ ಹರಿಯುತ್ತವೆ. ಸೊಟ್ಟಗಿರುವುದು ಸೊಟ್ಟಗೇ ಇರಲಿ. ಎರಡು ಗಾಜಿನ ನಡುವೆ ತಿಂಗಳುಗಟ್ಟಲೆ ಇಟ್ಟರೆ ತಾನಾಗಿ ಸ್ವಲ್ಪ ಇಳಿಯುತ್ತದೆ. ಅಷ್ಟು ಸಾಕು.

ಎರಡು ವಾರದ ನಂತರ: ಸೆಲ್ಲೋ ಟೇಪು

ಮೂಲೆ ಹರಿದ ಲಕೋಟೆಗಳಿಗೆ ಯಾವಾಗಲೋ ಯಾರೋ ಸೆಲ್ಲೋ ಟೇಪು ಹಚ್ಚಿದ್ದಾರೆ. ಈಗ ಅದು ಒಣಗಿ ಕಂದು ಬಣ್ಣಕ್ಕೆ ಬಂದಿದೆ. ಟೇಪಿನಲ್ಲಿ ಎರಡು ಪದರ: ಮೇಲಿನ ಹಾಳೆ, ಕೆಳಗಿನ ಅಂಟು. ಹಾಳೆಯನ್ನು ಬಿಡಿಸುವುದು ಸುಲಭ. ಹೇರ್ ಡ್ರೈಯರನ್ನು ಕಮ್ಮಿ ಬಿಸಿಯಲ್ಲಿ ಒಂದಡಿ ದೂರ ಹಿಡಿದು, ತೆಳ್ಳನೆಯ ಸ್ಟೀಲ್ ಪಟ್ಟಿಯಿಂದ ಅಂಚನ್ನು ಮೆಲ್ಲಗೆ ಎಬ್ಬಿಸಿದೆ. ಎಳೆಯುವಾಗ ಮೇಲಕ್ಕಲ್ಲ, ಕಾಗದದ ಮೇಲೆ ಮಲಗಿಸಿಕೊಂಡೇ ಹಿಂದಕ್ಕೆ ಎಳೆಯಬೇಕು. ಮೇಲಕ್ಕೆ ಎಳೆದರೆ ಕಾಗದದ ಸಿಪ್ಪೆಯೂ ಜೊತೆಗೆ ಬರುತ್ತದೆ.

ಅಂಟು ಹೋಗುವುದು ಕಷ್ಟ. ಕ್ರೇಪ್ ರಬ್ಬರಿನ ತುಂಡಿನಿಂದ ಉಜ್ಜದೆ, ಒತ್ತಿ ಎತ್ತಿ, ಒತ್ತಿ ಎತ್ತಿ ತೆಗೆದೆ. ಒಂದು ಲಕೋಟೆಗೆ ಎರಡು ಸಂಜೆ ಹಿಡಿಯಿತು. ಹಳದಿ ಕಲೆ ಉಳಿದಿದೆ. ಪೆಟ್ರೋಲ್, ನೈಲ್ ಪಾಲಿಶ್ ತೆಗೆಯುವ ದ್ರಾವಣ, ಇಂಥದ್ದೆಲ್ಲ ಹಾಕಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಕಲೆ ಹೋಗುವ ಮೊದಲು ಮೊಹರಿನ ಶಾಯಿ ಹೋಗುತ್ತದೆ.

ಈ ಕೆಲಸ ಮಾಡುವಾಗ ಲಕೋಟೆಗಳನ್ನು ಗಂಟೆಗಟ್ಟಲೆ ಹತ್ತಿರದಿಂದ ನೋಡಬೇಕಾಯಿತು. ಆಗಲೇ ಪದರಗಳು ಕಾಣಿಸತೊಡಗಿದ್ದು. ಎಡಗಡೆ ಕೆಳಮೂಲೆಯಲ್ಲಿ ದಳದ ಅಧಿಕಾರಿಯ ಸಹಿ. ಪತ್ರ ಓದಿ ಸಹಿ ಹಾಕುವುದು ಅವರ ಕೆಲಸ. ಅದರ ಪಕ್ಕ ‘ಪಾಸ್ಡ್ ಬೈ ಸೆನ್ಸಾರ್’ ಮುದ್ರೆ, ಅದಕ್ಕೊಂದು ನಂಬರ್. ಆಮೇಲೆ ಅಂಚೆ ಮೊಹರು. ಎರಡು ಲಕೋಟೆಯ ಎಡ ಅಂಚನ್ನು ಕತ್ತರಿಸಿ, ಮತ್ತೆ ಕಾಗದದ ಪಟ್ಟಿ ಹಚ್ಚಿ ಮುಚ್ಚಿದ್ದಾರೆ. ಪಟ್ಟಿಯ ಮೇಲೆ ‘ಓಪನ್ಡ್ ಬೈ ಎಕ್ಸಾಮಿನರ್’ ಎಂದು ಅಚ್ಚಾಗಿದೆ. ಯಾವುದರ ಮೇಲೆ ಯಾವುದು ಬಿದ್ದಿದೆ ಅಂತ ನೋಡಿದರೆ ಪತ್ರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಸಾಲಾಗಿ ಹೇಳಬಹುದು.

ಒಂದು ಪಟ್ಟಿಯ ಅಂಚು ಎದ್ದಿತ್ತು. ಅದನ್ನು ಪೂರ್ತಿ ಕಿತ್ತು ‘ನೀಟು’ ಮಾಡಬೇಕು ಅಂತ ಮನೆಗೆ ಬಂದ ಗೆಳೆಯರೊಬ್ಬರು ಹೇಳಿದರು. ಬೇಡ ಅಂದೆ. ಬಣ್ಣದ ಸ್ಟಾಂಪು ಲಕ್ಷಗಟ್ಟಲೆ ಅಚ್ಚಾಗಿದೆ. ನಾಸಿಕದಲ್ಲಿ ಮುದ್ರಿಸಿದ ಆರನೇ ಜಾರ್ಜ್ ದೊರೆಯ ಒಂದಾಣೆ ಸ್ಟಾಂಪು ಯಾವ ಸಂತೆಯಲ್ಲೂ ಸಿಗುತ್ತದೆ. ಆದರೆ ಈ ಪಟ್ಟಿ, ಈ ಸಹಿ, ಈ ಮೊಹರು ಮೂರೂ ಒಟ್ಟಿಗೆ ಇರುವ ಲಕೋಟೆ ಇದೊಂದೇ. ಯುದ್ಧದ ಅಂಚೆಯನ್ನು ಸಂಗ್ರಹಿಸುವವರು ಸ್ಟಾಂಪು ನೋಡುವುದು ಕೊನೆಗೆ. ಸೆನ್ಸಾರ್ ಗುರುತುಗಳನ್ನಷ್ಟೇ ಅಧ್ಯಯನ ಮಾಡುವ ಸಂಘಗಳಿವೆ. ಎಫ್‌ಪಿಓ ನಂಬರುಗಳನ್ನು ದಳಗಳ ದಿನಚರಿಯ ಜೊತೆ ತಾಳೆ ಹಾಕಿ, ಯಾವ ನಂಬರ್ ಯಾವ ತಿಂಗಳಲ್ಲಿ ಎಲ್ಲಿತ್ತು ಅಂತ ಪಟ್ಟಿ ಮಾಡಿದವರೂ ಸಂಗ್ರಾಹಕರೇ. ಸೇನೆ ಮುಚ್ಚಿಟ್ಟ ಊರನ್ನು ಅವರು ಒಂದೊಂದೇ ಲಕೋಟೆ ನೋಡಿ ತೆರೆದರು. ಸ್ಟಾಂಪು ಬಿಡಿಸಿದ ಪ್ರತಿ ಲಕೋಟೆಯೂ ಆ ಪಟ್ಟಿಯಿಂದ ಒಂದು ಸಾಲು ಅಳಿಸಿದ ಹಾಗೆ.

ಜೂನ್ ಕೊನೆ, ಮಳೆ

ಮಳೆ ಹಿಡಿದಿದೆ. ಇಂಥ ಗಾಳಿಯಲ್ಲಿ ಲಕೋಟೆ ಹೊರಗೆ ತೆಗೆಯುವುದು ಬೇಡ ಅಂತ ಎಲ್ಲ ಡಬ್ಬಿಯೊಳಗೆ ಇಟ್ಟು ಓದುತ್ತಾ ಕೂತೆ.

ಮೊಹರಿನಿಂದ ಊರನ್ನು ಅಳಿಸಿದ್ದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ರಷ್ಯಾದ ಕಥೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅಲ್ಲಿನ ಎಷ್ಟೋ ಅಂಚೆ ಕಚೇರಿಗಳು ಊರಿನ ಹೆಸರಿನ ಮೊಹರನ್ನು ಪಕ್ಕಕ್ಕಿಟ್ಟವು. ಅದರ ಬದಲು ಬರೀ ವೃತ್ತ, ಗೆರೆ, ಶಿಲುಬೆಯಂಥ ಆಕಾರ ಒತ್ತಿದರು. ಅಕ್ಷರವೇ ಇಲ್ಲ. ಸಂಗ್ರಾಹಕರು ಅವನ್ನು ಮೂಕ ಮೊಹರು ಅನ್ನುತ್ತಾರೆ. ಬಾಲ್ಟಿಕ್ ಕಡೆಯ ಊರುಗಳಲ್ಲಿ ಇವು ಜಾಸ್ತಿ. ಆಕಾರಗಳು ಊರಿಂದ ಊರಿಗೆ ಬೇರೆಬೇರೆ ಇದ್ದದ್ದರಿಂದ, ಗುಟ್ಟು ಮುಚ್ಚಲು ಒತ್ತಿದ ಗುರುತೇ ಇವತ್ತು ಊರಿನ ಗುರುತಾಗಿದೆ. ಕಳಿಸಿದವರ ವಿಳಾಸ, ತಲುಪಿದ ಊರಿನ ಮೊಹರು, ಇವುಗಳ ಸಹಾಯದಿಂದ ‘ಈ ಐದು ವೃತ್ತದ ಮೊಹರು ಇಂಥ ಊರಿನದು’ ಅಂತ ಹೇಳುವವರಿದ್ದಾರೆ.

ಅಮೆರಿಕದ ನೌಕಾಪಡೆಯದು ಇದಕ್ಕೆ ತಿರುಗುಮುರುಗು. 1930ರ ದಶಕದಲ್ಲಿ ಅವರ ಹಡಗುಗಳ ಮೊಹರಿನಲ್ಲಿ ಹಡಗಿನ ಹೆಸರು ಇರುತ್ತಿತ್ತು. ಮೊಹರಿನ ಗೆರೆಗಳ ನಡುವೆ ಬಂದರಿನ ಹೆಸರನ್ನೂ ಹಾಕುತ್ತಿದ್ದರು. ಸಂಗ್ರಾಹಕರು ಲಕೋಟೆ ಕಳಿಸಿ ಆ ಮೊಹರು ಒತ್ತಿಸಿಕೊಳ್ಳುತ್ತಿದ್ದರು. ಯುದ್ಧ ಬಂದ ಮೇಲೆ ಹಡಗಿನ ಹೆಸರು ಹೋಯಿತು, ‘ಯು.ಎಸ್. ನೇವಿ’ ಅಷ್ಟೇ ಉಳಿಯಿತು. ಬ್ರಿಟಿಷ್ ಹಡಗುಗಳ ಪತ್ರಗಳಿಗೆ ‘ಪೋಸ್ಟ್ ಆಫೀಸ್ ಮ್ಯಾರಿಟೈಮ್ ಮೇಲ್’ ಎಂಬ ಒಂದೇ ಮೊಹರು ಬಿತ್ತು.

ಸಂಗ್ರಾಹಕರ ಮೇಲೂ ಕಣ್ಣಿತ್ತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಿಂದ ಹೊರದೇಶಕ್ಕೆ ಸ್ಟಾಂಪು ಕಳಿಸಲು ಪರವಾನಗಿ ಬೇಕಿತ್ತು. ಸ್ಟಾಂಪುಗಳನ್ನು ಜೋಡಿಸುವ ಕ್ರಮದಲ್ಲೇ ಸಂಕೇತ ಅಡಗಿಸಬಹುದು, ಸ್ಟಾಂಪಿನ ಅಡಿಯಲ್ಲಿ ಬರೆಯಬಹುದು ಎಂಬ ಅನುಮಾನ. ಜೊತೆಗೆ ಸ್ಟಾಂಪು ಅಂದರೆ ಹಣವೂ ಹೌದಲ್ವಾ, ಅದರ ರೂಪದಲ್ಲಿ ಹಣವನ್ನು ದೇಶ ದಾಟಿಸಬಹುದು.

ಜುಲೈ: ಜೋಡಿ ಹುಡುಕುವುದು

ಈಗ ಮುಖ್ಯ ಕೆಲಸ. ಹದಿಮೂರು ಸ್ಟಾಂಪು, ಹನ್ನೊಂದು ಖಾಲಿ ಮೂಲೆ.

ಮೊದಲು ಸ್ಟಾಂಪನ್ನು ನೋಟ್‌ಬುಕ್ಕಿನಿಂದ ಬಿಡಿಸಬೇಕು. ನೀರಿನಲ್ಲಿ ಹಾಕುವ ಮಾತಿಲ್ಲ. ಪುಟದಿಂದ ಸ್ಟಾಂಪಿನ ಸುತ್ತ ಚೌಕ ಕತ್ತರಿಸಿದೆ. ಬ್ಲಾಟಿಂಗ್ ಪೇಪರನ್ನು ಒದ್ದೆ ಮಾಡಿ, ಹಿಂಡಿ, ಅದರ ಮೇಲೆ ಆ ಚೌಕವನ್ನು ಸ್ಟಾಂಪು ಮೇಲೆ ಬರುವಂತೆ ಇಟ್ಟೆ. ತೇವ ಕೆಳಗಿನ ಕಾಗದದಿಂದ ಮಾತ್ರ ಏರುತ್ತದೆ. ಇಪ್ಪತ್ತು ನಿಮಿಷಕ್ಕೆ ಗೋಂದು ಸಡಿಲವಾಯಿತು. ಅಗಲ ಬಾಯಿಯ ಚಿಮುಟದಿಂದ ಎತ್ತಿ, ಮುಖ ಕೆಳಗೆ ಮಾಡಿ ಒಣಗಿಸಿದೆ. ಪ್ರತಿ ಸ್ಟಾಂಪಿಗೂ ಮೊದಲು ಮೊಹರಿನ ಅಂಚಿಗೆ ಒದ್ದೆ ಹತ್ತಿಕಡ್ಡಿ ಮುಟ್ಟಿಸಿ ಶಾಯಿ ಹರಿಯುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಏಳನೆಯ ಲಕೋಟೆ ಕಲಿಸಿದ ಪಾಠ.

ಮೂರು ಜೋಡಿ ಸುಲಭವಾಗಿ ಸಿಕ್ಕವು. ದೊಡ್ಡಪ್ಪ ಮೂರು ಸ್ಟಾಂಪುಗಳನ್ನು ಲಕೋಟೆಯ ಹರಿದ ಕಾಗದದ ಸಮೇತ ಅಂಟಿಸಿದ್ದರು. ಹರಿದ ಅಂಚು ಲಕೋಟೆಯ ತೂತಿಗೆ ನಾರು ನಾರು ಕೂಡಿತು.

ಉಳಿದವಕ್ಕೆ ಲೆಕ್ಕ ಬೇಕಾಯಿತು. ಲಕೋಟೆಯ ಮೇಲೆ ಮೊಹರಿನ ವೃತ್ತದ ಒಂದು ಕಮಾನು ಮಾತ್ರ ಉಳಿದಿದೆ. ಕಮಾನಿನ ಎರಡು ತುದಿಯನ್ನು ನೇರ ಗೆರೆಯಿಂದ ಸೇರಿಸಿ ಅಳೆದೆ: 20 ಮಿಲಿಮೀಟರ್. ಗೆರೆಯ ನಡುವಿನಿಂದ ಕಮಾನಿನ ತುದಿಗೆ ಎತ್ತರ: 4 ಮಿಲಿಮೀಟರ್. ಗೆರೆಯ ಅರ್ಧದ ವರ್ಗಕ್ಕೆ ಎತ್ತರದ ವರ್ಗ ಕೂಡಿಸಿ, ಎತ್ತರದ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ ಬರುತ್ತದೆ. 100 ಕೂಡಿಸು 16, ಭಾಗಿಸು 8, ಅಂದರೆ 14.5. ವ್ಯಾಸ 29 ಮಿಲಿಮೀಟರ್. ಇನ್ನೊಂದು ಲಕೋಟೆಯಲ್ಲಿ ಹೀಗೇ ಮಾಡಿದಾಗ 35 ಬಂತು. ಅಲ್ಲಿಗೆ ಅವೆರಡೂ ಬೇರೆ ಮೊಹರು ಅಂತ ಖಚಿತವಾಯಿತು. ಹಳೆಯ ಪ್ರೊಜೆಕ್ಟರ್ ಶೀಟಿನ ಮೇಲೆ ಬೇರೆಬೇರೆ ಅಳತೆಯ ವೃತ್ತ ಬರೆದುಕೊಂಡು ಸ್ಟಾಂಪುಗಳ ಮೇಲೆ ಇಟ್ಟು ನೋಡಿದೆ. ಹತ್ತರಲ್ಲಿ ನಾಲ್ಕು ಆಗಲೇ ಒಂದು ಕಡೆ, ಆರು ಇನ್ನೊಂದು ಕಡೆ ಬೇರೆಯಾದವು.

ಕೆಲವು ಸ್ಟಾಂಪಿನ ಮೇಲೆ ನಂಬರ್ ಓದಲಿಕ್ಕೇ ಆಗುತ್ತಿರಲಿಲ್ಲ. ಇಲ್ಲಿ ಸ್ಕ್ಯಾನರ್ ಸಹಾಯಕ್ಕೆ ಬಂತು. 1200 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ಮಾಡಿ, ಜಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕೆಂಪು, ಹಸಿರು, ನೀಲಿ ಪದರ ಬೇರೆ ಮಾಡಿದೆ. ಒಂದಾಣೆಯ ಕೆಂಪು ಸ್ಟಾಂಪಿಗೆ ಕೆಂಪು ಪದರ ನೋಡಬೇಕು. ದೊರೆಯ ಮುಖ ಮಾಸಿ ಬೆಳ್ಳಗಾಗುತ್ತದೆ, ಮೊಹರಿನ ಕಪ್ಪು ಮಾತ್ರ ನಿಲ್ಲುತ್ತದೆ. ಎಂಟಾಣೆಯ ನೇರಳೆ ಸ್ಟಾಂಪಿಗೆ ನೀಲಿ ಪದರ ಚೆನ್ನ. ಎಂಬತ್ತು ವರ್ಷ ಯಾರೂ ಓದದ ತಾರೀಖು ಪರದೆಯ ಮೇಲೆ ಎದ್ದು ಬಂದಾಗ ನಾನು ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ಒಂಬತ್ತನೆಯ ಲಕೋಟೆಯದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಆವಿ ಹಿಡಿದು ಬಿಡಿಸುವಾಗ ಸ್ಟಾಂಪಿನ ಅಂಚಿನ ಒಂದು ಹಲ್ಲು ಲಕೋಟೆಯಲ್ಲೇ ಉಳಿದಿತ್ತು. ಸಾಸಿವೆಯಷ್ಟಿಲ್ಲ. ಒಂದು ಎಂಟಾಣೆ ಸ್ಟಾಂಪಿಗೆ ಬಲಗಡೆ ಕೆಳಗಿನಿಂದ ಮೂರನೆಯ ಹಲ್ಲು ಇಲ್ಲ. ಇಟ್ಟು ನೋಡಿದೆ, ಕೂತಿತು. ಮೊಹರಿನ ಕಮಾನೂ ಗೆರೆ ತಪ್ಪದೆ ಕೂಡಿತು.

ಒಟ್ಟು ಒಂಬತ್ತು ಜೋಡಿ ಸಿಕ್ಕಿವೆ. ಹರಿದ ಐದೂ, ಆವಿ ಹಿಡಿದ ನಾಲ್ಕೂ. ಎರಡು ಮೂಲೆ ಖಾಲಿಯೇ ಉಳಿದವು. ನಾಲ್ಕು ಸ್ಟಾಂಪು ಮಿಕ್ಕಿವೆ. ‘ಇರಬಹುದು’ ಅನ್ನುವ ಹಾಗೆ ಎರಡು ಇವೆ, ಆದರೆ ಕೂರಿಸುವುದಿಲ್ಲ.

ಜುಲೈ, ಎರಡನೆಯ ಭಾನುವಾರ: ಪತ್ರಗಳು

ಲಕೋಟೆಯೊಳಗಿನ ಪತ್ರಗಳನ್ನು ಇವತ್ತು ಓದಿದೆ. ಕನ್ನಡದವರು ಪತ್ರ ಶುರು ಮಾಡುವ ರೀತಿ ಗೊತ್ತಲ್ಲ, ಬಲಗಡೆ ಮೇಲೆ ಊರು, ತಾರೀಖು. ಅಜ್ಜ ಅಲ್ಲಿ ಪ್ರತಿ ಸಲ ‘ಮುಕ್ಕಾಂ: ಕ್ಯಾಂಪು’ ಅಂತ ಬರೆದಿದ್ದಾರೆ. ತಾರೀಖೂ ಇಲ್ಲ. ಕೆಳಗೆ ‘ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ’ ಎಂದು ಎಲ್ಲ ಮಾಮೂಲಿ.

ಹನ್ನೆರಡನೆಯ ಪತ್ರದಲ್ಲಿ ಮಾತ್ರ ಬ್ಲೇಡಿನಿಂದ ಒಂದು ಕಿಟಕಿ ಕತ್ತರಿಸಿದೆ. ಎರಡು ಪದದಷ್ಟು ಅಗಲ. ‘ನಾವು ಈಗ’ ಎಂದು ಶುರುವಾಗಿ ಕಿಟಕಿ, ಆಮೇಲೆ ‘ಹತ್ತಿರ ಇದ್ದೇವೆ’. ಹಾಗಾದರೆ ದಾರಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರಿದ್ದರು. ಆ ಮನುಷ್ಯ ಯಾರೋ, ಎಲ್ಲಿ ಕೂತು ಓದಿದರೋ. ಸೈನಿಕರ ದೇಶಭಾಷೆಯ ಪತ್ರಗಳನ್ನು ಓದಿಸುವುದು ಮೊದಲ ಮಹಾಯುದ್ಧದಲ್ಲೇ ಶುರುವಾಗಿತ್ತು. ಆಗ ಫ್ರಾನ್ಸಿನ ಬೂಲೋನ್‌ನಲ್ಲಿ ಹೊವೆಲ್ ಎಂಬ ಅಧಿಕಾರಿಯ ಕೈಕೆಳಗೆ ಭಾರತೀಯ ಅಂಚೆಯ ಸೆನ್ಸಾರ್ ಕಚೇರಿ ಇತ್ತು. ಅಲ್ಲಿ ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಬರೆಯುತ್ತಿದ್ದರು. ಸೈನಿಕರೂ ಸುಮ್ಮನಿರಲಿಲ್ಲ. ಕರಿಮೆಣಸು ಮುಗಿಯುತ್ತಾ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅಂತ ಬರೆದರೆ, ಭಾರತದ ಸಿಪಾಯಿಗಳು ಸತ್ತು ಮುಗಿದರು, ಈಗ ಬಿಳಿಯರನ್ನು ಕಳಿಸುತ್ತಿದ್ದಾರೆ ಎಂದು ಅರ್ಥ. ಆ ಪತ್ರಗಳನ್ನು ನಾವು ಇವತ್ತು ಓದಲು ಆಗುವುದು ಸೆನ್ಸಾರ್ ನಕಲು ಮಾಡಿಟ್ಟದ್ದರಿಂದಲೇ.

ಕಿಟಕಿಯ ಬ್ಲೇಡು ಹಾಳೆಯ ಹಿಂಬದಿಯ ಪದವನ್ನೂ ತಿಂದಿದೆ. ಅಲ್ಲಿ ‘ಗೌರಿ’ ಎಂದಿದೆ, ಆಮೇಲೆ ತೂತು, ಆಮೇಲೆ ‘ಹಾಕಿದೆಯೇ ತಿಳಿಸುವುದು’. ದೊಡ್ಡಪ್ಪನಿಗೆ ಓದಿ ಹೇಳಿದೆ. “ಗೌರಿ ನಮ್ಮ ಹಸು ಕಣೋ. ಕರು ಹಾಕಿದ್ಯಾ ಅಂತ ಕೇಳಿರೋದು” ಅಂದರು. ಕಿಟಕಿಗೆ ತೇಪೆ ಹಾಕುವುದಿಲ್ಲ. ಅದು ಹಾಗೇ ಇರಬೇಕು.

ಮೊಹರು ಕೂಡಿಸಿದ್ದರಿಂದ ಒಂದು ದೊಡ್ಡ ಸಂಗತಿ ತಿಳಿಯಿತು. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ‘ಇಟಲಿಯ ಹಿಮ’ದ ಪತ್ರವೊಂದಿದೆ. ಬೆಟ್ಟದ ಮೇಲೆ ಉಪ್ಪು ಸುರಿದ ಹಾಗೆ ಬಿದ್ದಿದೆ, ಕೈ ಬೆರಳು ಆಡುವುದಿಲ್ಲ ಅಂತ ಅಜ್ಜ ಬರೆದಿದ್ದಾರೆ. ಅದು ಒಂಬತ್ತನೆಯ ಲಕೋಟೆಯದು. ಲಕೋಟೆಯ ಅರ್ಧದಲ್ಲಿ ‘ಎಫ್‌ಪಿಓ’ ಎಂಬ ಅಕ್ಷರ ಮತ್ತು ತಾರೀಖಿನ ಮೊದಲ ಅಂಕಿ ಮಾತ್ರ ಇದ್ದವು. ತಿಂಗಳು, ವರ್ಷ ಸ್ಟಾಂಪಿನ ಮೇಲಿದ್ದವು. ಕೂಡಿಸಿ ಓದಿದರೆ ಜನವರಿ 1943. ಮಿತ್ರಪಡೆ ಸಿಸಿಲಿ ದ್ವೀಪಕ್ಕೆ ಇಳಿದದ್ದೇ ಆ ವರ್ಷದ ಜುಲೈನಲ್ಲಿ, ಇಟಲಿಯ ಮುಖ್ಯ ನೆಲಕ್ಕೆ ಸೆಪ್ಟೆಂಬರಿನಲ್ಲಿ. ಅಂದರೆ ಅಜ್ಜ ಆ ಹಿಮ ಕಂಡದ್ದು ಪರ್ಷಿಯಾ-ಇರಾಕಿನ ಕಡೆಯ ಬೆಟ್ಟಗಳಲ್ಲಿ. ಸ್ಟಾಂಪಿಲ್ಲದ ಎರಡು ಲಕೋಟೆಗಳಲ್ಲೂ ಅದೇ ಎಫ್‌ಪಿಓ ನಂಬರ್, ಅದೇ ಚಳಿಗಾಲ. ಮೂರನ್ನೂ ಒಟ್ಟಿಗೆ ಇಟ್ಟೆ.

ನಿಜವಾಗಿ ಇಟಲಿಯಿಂದ ಬಂದವು ಆರು. ಅವನ್ನು ನೋಡುವಾಗ ಬೆಂಗಳೂರಿನ ಒಂದು ಸ್ಟಾಂಪು ಪ್ರದರ್ಶನದಲ್ಲಿ ನೋಡಿದ ಕಾಗದ ನೆನಪಾಯಿತು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಕ್ಯಾಂಪುಗಳಲ್ಲಿ ಇಟ್ಟಿದ್ದರು. ಅವರು ಮನೆಗೆ ಬರೆದ ಪತ್ರಕ್ಕೆ ಸ್ಟಾಂಪು ಬೇಕಿರಲಿಲ್ಲ. ಯುದ್ಧಕೈದಿಗಳ ಅಂಚೆ ಉಚಿತ ಅಂತ 1929ರ ಜಿನೀವಾ ಒಪ್ಪಂದದಲ್ಲೇ ಇದೆ. ಅದಕ್ಕೂ ಸೆನ್ಸಾರ್ ಮುದ್ರೆ. ನಮ್ಮವರು ಇಟಲಿಯಿಂದ ಕನ್ನಡದಲ್ಲಿ ಬರೆಯುತ್ತಿದ್ದ ಹೊತ್ತಿಗೆ ಅವರು ಬೆಂಗಳೂರಿನಿಂದ ಇಟಾಲಿಯನ್ನಿನಲ್ಲಿ ಬರೆಯುತ್ತಿದ್ದರು.

ಆಗಸ್ಟ್: ಅಂಟು, ಆಲ್ಬಮ್

ಸ್ಟಾಂಪನ್ನು ಮತ್ತೆ ಲಕೋಟೆಗೆ ಕೂರಿಸಬಹುದೇ ಅನ್ನುವುದು ಸಣ್ಣ ಪ್ರಶ್ನೆಯಲ್ಲ. ಬೇರೆ ಸ್ಟಾಂಪು ಹಚ್ಚಿ, ಮೊಹರಿನ ಗೆರೆ ಎಳೆದು, ಅಪರೂಪದ ಲಕೋಟೆ ಅಂತ ಮಾರುವ ಮೋಸ ಇದೆ. ಅದಕ್ಕೇ ಮೂರು ನಿಯಮ ಇಟ್ಟುಕೊಂಡೆ. ಪುರಾವೆ ಇದ್ದರೆ ಮಾತ್ರ ಕೂರಿಸುವುದು. ಯಾವಾಗ ಬೇಕಾದರೂ ಬಿಡಿಸುವಂತೆ ಕೂರಿಸುವುದು. ಜೊತೆಗೆ, ಲಕೋಟೆಯ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ ‘ಸ್ಟಾಂಪು ಬಿಡಿಸಿದ್ದು, ಮತ್ತೆ ಕೂರಿಸಿದೆ’ ಎಂದು ತಾರೀಖು ಹಾಕಿ ಬರೆಯುವುದು. ಇಷ್ಟು ದಿನ ಲಕೋಟೆಯ ಮೇಲೆ ನಾನು ಏನೂ ಬರೆದಿರಲಿಲ್ಲ. ಇದೊಂದನ್ನು ಬರೆಯಲೇಬೇಕು. ಮುಂದೆ ಇದು ಯಾರ ಕೈಗೆ ಹೋಗುತ್ತದೋ.

ಅಂಟಿಗೆ ಬೈಂಡಿಂಗ್ ಅಂಗಡಿಯ ಮೈದಾ ಸರಿ ಬೇಡ. ಹುಳು ಹಿಡಿಯದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಅದು ಹಳೆಯ ಕಾಗದಕ್ಕೆ ಒಳ್ಳೆಯದಲ್ಲ. ಬೇಕಾದದ್ದು ಶುದ್ಧ ಗೋಧಿ ಪಿಷ್ಟ. ಅಂಗಡಿಯಲ್ಲಿ ಹುಡುಕುತ್ತಿದ್ದಾಗ ಅಮ್ಮ, “ಹಾಲ್ಬಾಯಿಗೆ ಗೋಧಿ ಹಾಲು ತೆಗಿಯಲ್ವೇನೋ, ಅದೇ ಅಲ್ವಾ” ಅಂದರು. ಅದೇ. ಗೋಧಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಾತ್ರಿ ಇಟ್ಟರೆ ತಳದಲ್ಲಿ ಬೆಳ್ಳನೆ ಪಿಷ್ಟ ಕೂರುತ್ತದೆ. ಮೇಲಿನ ನೀರನ್ನು ಮೂರು ಸಲ ಬದಲಾಯಿಸಿದೆ. ಒಂದು ಚಮಚ ಪಿಷ್ಟಕ್ಕೆ ಐದು ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈ ಬಿಡದೆ ತಿರುವಿ, ಆರಿಸಿ, ಜರಡಿ ಹಿಡಿದೆ. ಉಳಿದ ಪಿಷ್ಟ ಹಾಲ್ಬಾಯಿಗೆ ಹೋಯಿತು.

ಅಂಟನ್ನು ಸ್ಟಾಂಪಿಗೆ ಹಚ್ಚಲಿಲ್ಲ. ಜಪಾನಿನ ತೆಳು ನಾರುಕಾಗದವನ್ನು ಕತ್ತರಿಸದೆ ಹರಿದು, ಅಕ್ಕಿಕಾಳಿನ ಅಗಲದ ಪಟ್ಟಿ ಮಾಡಿಕೊಂಡೆ. ಹರಿದರೆ ಅಂಚಿನಲ್ಲಿ ನಾರು ಉಳಿಯುತ್ತದೆ, ಹಿಡಿತ ಮೃದುವಾಗಿರುತ್ತದೆ. ಪಟ್ಟಿಗೆ ಅಂಟು ಸವರಿ, ಬ್ಲಾಟಿಂಗ್ ಪೇಪರಿನ ಮೇಲೆ ಅರ್ಧ ನಿಮಿಷ ಇಟ್ಟು, ಪೂರ್ತಿ ಒಣಗುವ ಮೊದಲು ಸ್ಟಾಂಪಿನ ಮೇಲಂಚಿಗೆ ಮಾತ್ರ ಹಿಂಜಿನ ಹಾಗೆ ಹಾಕಿದೆ. ಸ್ಟಾಂಪನ್ನು ಎತ್ತಿ ಅಡಿಯಲ್ಲಿ ನೋಡಬಹುದು. ಹರಿದ ಮೂಲೆಗಳಿಗೆ ಹಿಂದಿನಿಂದ ಅದೇ ಕಾಗದದ ಆಸರೆ ಕೊಟ್ಟೆ. ಕಾಪಿಯಿಂಗ್ ಪೆನ್ಸಿಲಿನ ಬರಹದ ಹತ್ತಿರ ಎಲ್ಲೂ ಅಂಟು ಸುಳಿಯದಂತೆ ನೋಡಿಕೊಂಡೆ.

ಇಡುವುದಕ್ಕೆ ಪಾಲಿಯೆಸ್ಟರ್ ಹಾಳೆಯ ಜೇಬುಗಳು. ಸ್ಟೇಷನರಿ ಅಂಗಡಿಯ ಮೆತ್ತನೆಯ ಪಿವಿಸಿ ಫೋಲ್ಡರ್ ಬೇಡವೇ ಬೇಡ, ನಾಲ್ಕು ಬೇಸಿಗೆ ಕಳೆದರೆ ಅಂಟಂಟಾಗಿ ಶಾಯಿಯನ್ನು ಎತ್ತಿಕೊಳ್ಳುತ್ತದೆ. ಪ್ರತಿ ಜೇಬಿನ ಹಿಂದೆ ಆಮ್ಲವಿಲ್ಲದ ದಪ್ಪ ಕಾಗದ, ಅದರ ಮೇಲೆ ಮೊಹರಿನ ದೊಡ್ಡದಾದ ಸ್ಕ್ಯಾನು, ತಾರೀಖು, ಸೆನ್ಸಾರ್ ನಂಬರ್. ತಾರೀಖಿನ ಸಾಲಿನಲ್ಲಿ ಜೋಡಿಸಿದೆ. ಟ್ರಂಕಿನ ನುಸಿಗುಳಿಗೆಗಳನ್ನು ಬಿಸಾಡಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟೆ.

ಆಲ್ಬಮ್ಮನ್ನು ಮೊದಲು ದೊಡ್ಡಪ್ಪನಿಗೆ ತೋರಿಸಿದೆ. ಒಂಬತ್ತನೆಯ ಪುಟದಲ್ಲಿ ಆ ಸಾಸಿವೆಯಷ್ಟು ಹಲ್ಲನ್ನು ಭೂತಗನ್ನಡಿಯಲ್ಲಿ ತುಂಬಾ ಹೊತ್ತು ನೋಡಿದರು. ಆಮೇಲೆ, ಮಿಕ್ಕ ನಾಲ್ಕು ಸ್ಟಾಂಪು ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ಕೊನೆಯ ಪುಟದಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಅದರಲ್ಲಿ ಎರಡರ ಮೊಹರು ನಮ್ಮ ಯಾವ ಲಕೋಟೆಗೂ ಕೂಡುವುದಿಲ್ಲ, ನಂಬರೇ ಬೇರೆ. ಹಾಗಾದರೆ ಅವುಗಳ ಲಕೋಟೆ ಬೇರೆ ಎಲ್ಲೋ ಇರಬೇಕು.

“ನಿನ್ನ ಅತ್ತೆ ಮದುವೆಯಾಗಿ ಹೋಗುವಾಗ ಅಪ್ಪನ ಒಂದಷ್ಟು ಕಾಗದ ತಗೊಂಡು ಹೋಗಿದ್ಲು. ತೀರ್ಥಹಳ್ಳಿ ಮನೆಯಲ್ಲಿ ಕೇಳು” ಅಂದರು ದೊಡ್ಡಪ್ಪ.

ಮಳೆ ನಿಂತ ಮೇಲೆ ತೀರ್ಥಹಳ್ಳಿಗೆ ಹೋಗುತ್ತೇನೆ. ಆ ಎರಡು ಸ್ಟಾಂಪಿನ ಸ್ಕ್ಯಾನು ಮತ್ತು ವೃತ್ತ ಬರೆದ ಶೀಟನ್ನು ಈಗಲೇ ಬ್ಯಾಗಿನಲ್ಲಿ ಇಟ್ಟಿದ್ದೇನೆ.